ಹಣ್ಣು ಕೊಡದ ಹಸಿರು



ಹಿತ್ತಿಲಲ್ಲಿ ಹಲಸಿನ ಮರವಿರುವವರಿಗೆ ಅದರ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಎಳೆಯ ಕಾಯಿ ಪಲ್ಯಕ್ಕೆ, ಬಲಿತದ್ದು ಹಪ್ಪಳಕ್ಕೆ, ಹಣ್ಣು ಮಕ್ಕಳಿಗೆ, ಬೀಜ ಮಳೆಗಾಲದ ಸಾರಿಗೆ, ಎಲೆ ಆಡಿಗೆ. ಕಡಿದ ಮೇಲೂ ಮರ ಬಾಗಿಲಾಗಿ ಮನೆ ಕಾಯುತ್ತದೆ. ಪಶ್ಚಿಮ ಘಟ್ಟದ ಈ ಫಲವನ್ನು ಕೇರಳ 2018ರಲ್ಲಿ ತನ್ನ ರಾಜ್ಯದ ಹಣ್ಣೆಂದು ಸಾರಿತು.

ಇದರ ಪಕ್ಕದಲ್ಲಿ ಇನ್ನೊಂದು ಸಸ್ಯವನ್ನಿಟ್ಟು ನೋಡಿ. ಹೆಸರು ಟಕಾಕಿಯಾ. ಮಳೆಗಾಲದಲ್ಲಿ ನಮ್ಮ ಕಲ್ಲುಗೋಡೆಗಳ ಮೇಲೆ ಹಸಿರಾಗಿ ಹಬ್ಬುವ ಹಾವಸೆಯ ಬಳಗದ್ದು. ಬೇರಿಲ್ಲ, ಹೂವಿಲ್ಲ, ಹಣ್ಣಿಲ್ಲ. ಟಿಬೆಟ್ಟಿನಲ್ಲಿ 4000 ಮೀಟರ್‌ಗೂ ಎತ್ತರದ ಬಂಡೆಗಳ ಮೇಲೆ, ವರ್ಷದ ಬಹುಪಾಲು ಹಿಮದಡಿಯಲ್ಲಿ ಬದುಕುತ್ತದೆ. ಇದರ ವಂಶ ಸುಮಾರು 39 ಕೋಟಿ ವರ್ಷ ಹಳೆಯದು, ಹಿಮಾಲಯಕ್ಕಿಂತಲೂ ಹಿರಿಯದು. ಈಗ ಉಳಿದಿರುವುದು ಎರಡೇ ಪ್ರಭೇದಗಳು. ಬೆಟ್ಟ ಬೆಚ್ಚಗಾಗುತ್ತಿರುವುದರಿಂದ ಅಲ್ಲಿ ಇದು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆಯೆಂದು ಚೀನಾ ಮತ್ತು ಜರ್ಮನಿಯ ವಿಜ್ಞಾನಿಗಳು 2023ರಲ್ಲಿ ತಿಳಿಸಿದರು.

"ಅಳಿದರೆ ಅಳಿಯಲಿ, ಅದರಿಂದ ನಮಗೇನು?" ಎಂದು ನೀವು ಕೇಳಬಹುದು. ಕೆಲವರು ಅದಕ್ಕೆ, "ಯಾರಿಗೆ ಗೊತ್ತು, ನಾಳೆ ಅದರಲ್ಲಿ ಔಷಧ ಸಿಕ್ಕೀತು" ಎನ್ನುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ತಕ್ಕಡಿ ಬದಲಾಗಲಿಲ್ಲ. ಹಾವಸೆಯಿಂದಲೂ ನಾವು ಹಣ್ಣನ್ನೇ ಕಾಯುತ್ತಿದ್ದೇವೆ.

ಒಂದು ಜೀವಿಯಲ್ಲಿ ಮಾತ್ರ ದೇವರ ಒಳ್ಳೆಯತನ ಪೂರ್ತಿಯಾಗಿ ತೋರಲಾರದು. ಆದ್ದರಿಂದಲೇ ಆತನು ಬಗೆಬಗೆಯ ಜೀವಿಗಳನ್ನು ಉಂಟುಮಾಡಿದನು ಎಂಬುದು ಸಂತ ಥಾಮಸ್ ಅಕ್ವಿನಾಸರ ವಿಚಾರ. ಹಲಸು ಹೇಳಲಾರದ್ದನ್ನು ಹಾವಸೆ ಹೇಳುತ್ತದೆ. ಆದಿಕಾಂಡದಲ್ಲಿಯೂ ಸಸ್ಯಗಳು ಒಳ್ಳೆಯವೆಂದು ದೇವರು ಕಂಡದ್ದು ಮೂರನೆಯ ದಿನ. ಅವುಗಳ ಲಾಭನಷ್ಟ ನೋಡಲು ಮನುಷ್ಯನಿನ್ನೂ ಹುಟ್ಟಿರಲಿಲ್ಲ.

ಹಾಗಾದರೆ ಎರಡೂ ಒಂದೇ ಸಮವೇ? ಹಸಿದ ಮಗುವಿನ ಮುಂದೆ ಹಾಗೆನ್ನಲಾಗದು. ಹಸಿವಿಗೆ ಹಲಸು ಬೇಕು, ಅದನ್ನು ಮೊದಲು ನೆಡುವುದು ತಪ್ಪಲ್ಲ. ಆದರೆ ಒಂದನ್ನು ಮೊದಲು ಆರಿಸುವುದು ಬೇರೆ, ಇನ್ನೊಂದಕ್ಕೆ ಬೆಲೆಯೇ ಇಲ್ಲವೆನ್ನುವುದು ಬೇರೆ. ಅಲ್ಲದೆ, ಒಂದು ಹಲಸಿನ ಮರ ಬಿದ್ದರೆ ಬೀಜ ಊರಿ ಇನ್ನೊಂದನ್ನು ಬೆಳೆಸಬಹುದು. ಟಕಾಕಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಬೆಟ್ಟದಲ್ಲಿ ನೆಡುವ ಪ್ರಯತ್ನವೂ ನಡೆದಿದೆ. ಆದರೆ ಬೆಟ್ಟದ ತಂಪೇ ಹೋದರೆ ನೆಡುವುದು ಎಲ್ಲಿ? ಮರಳಿ ಬಾರದ್ದರ ವಿಷಯದಲ್ಲಿ ನಮ್ಮ ಹೊಣೆ ಹೆಚ್ಚಿನದು.

ಈ ತಕ್ಕಡಿ ಹಿತ್ತಿಲಲ್ಲೇ ನಿಲ್ಲುವುದಿಲ್ಲ, ಮನೆಯೊಳಗೂ ಬರುತ್ತದೆ. ಹಾಸಿಗೆ ಹಿಡಿದ ಅಜ್ಜಿ, ಎಲ್ಲರಂತೆ ಕಲಿಯಲಾರದ ಮಗು – "ಇವರಿಂದೇನು ಪ್ರಯೋಜನ?" ಎಂದು ಬಾಯಿ ಬಿಟ್ಟು ಯಾರೂ ಕೇಳಲಾರರು. ಆದರೆ ಅವರ ಕೋಣೆಗೆ ನಾವು ದಿನಕ್ಕೆ ಎಷ್ಟು ಸಲ ಹೋಗುತ್ತೇವೆ ಎಂಬುದೇ ನಮ್ಮ ಉತ್ತರವಾಗಿರುತ್ತದೆ. ಮನುಷ್ಯರ ಘನತೆ ಹಾವಸೆಗಿಂತ ಎಷ್ಟೋ ಹಿರಿದು, ನಿಜ. ಆದರೂ ಕೊಡುವುದನ್ನಷ್ಟೇ ನೋಡಿ ಬೆಲೆ ಕಟ್ಟಲು ಕಲಿತ ಕಣ್ಣು, ಎಲ್ಲಿ ನೋಡಿದರೂ ಹಾಗೆಯೇ ನೋಡುತ್ತದೆ.

ಹಲಸಿಗೆ ಕೃತಜ್ಞರಾಗಿರೋಣ. ಹಾವಸೆಯನ್ನು, ಅದು ಇದೆ ಎಂಬ ಒಂದೇ ಕಾರಣಕ್ಕಾಗಿ, ಗೌರವಿಸಲು ಕಲಿಯೋಣ.