ನೀಲಿ ಫಲಕದ ಗಾಡಿ

ದೂತನನ್ನು ಕೊಲ್ಲಬಾರದು ಎಂಬ ಮಾತು ನಮಗೆ ವಿಯೆನ್ನಾದಿಂದ ಬಂದದ್ದಲ್ಲ. ರಾವಣನ ಸಭೆಯಲ್ಲಿ ಹನುಮಂತನ ತಲೆ ಉಳಿದದ್ದೇ ಈ ನ್ಯಾಯದಿಂದ. ಇಲ್ಲಿ ಒಂದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ: ಹನುಮಂತ ಬರೀ ಸಂದೇಶ ಹೊತ್ತು ಬಂದವನಾಗಿರಲಿಲ್ಲ. ಅಶೋಕವನ ಹಾಳುಮಾಡಿದ್ದ, ರಾವಣನ ಮಗ ಅಕ್ಷಕುಮಾರನನ್ನೇ ಕೊಂದಿದ್ದ. ಮಗನನ್ನು ಕಳೆದುಕೊಂಡ ತಂದೆಯ ಎದುರು ನಿಂತು ವಿಭೀಷಣ ಆ ಮಾತು ಆಡಿದ. ದೂತನ ಪ್ರಾಣ ತೆಗೆಯುವಂತಿಲ್ಲ, ಬೇರೆ ಶಿಕ್ಷೆಗಳಿವೆ ಎಂದ. ರಾವಣ ಒಪ್ಪಿದ, ಬಾಲಕ್ಕೆ ಬೆಂಕಿ ಇಡಿಸಿದ. ಆಮೇಲೆ ಲಂಕೆಗೆ ಏನಾಯಿತು ಅನ್ನುವುದು ಬೇರೆ ಕಥೆ ಬಿಡಿ. ಆ ವಾದದೊಳಗೊಂದು ವಿವೇಕವಿದೆ. ದೂತನಿಗೆ ರಕ್ಷಣೆ ಉಂಟು, ಆದರೆ ಅವನು ಮಾಡಿದ್ದು ಆಗಿಯೇ ಇಲ್ಲ ಎಂದು ಯಾರೂ ನಟಿಸಬೇಕಾಗಿಲ್ಲ.

2019ರ ಆಗಸ್ಟ್ 27ರ ರಾತ್ರಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್‌ನಲ್ಲಿ, ಅಮೆರಿಕನ್ನರು ಬಳಸುವ ಕ್ರೌಟನ್ ವಾಯುನೆಲೆಯ ಹತ್ತಿರ, ಹ್ಯಾರಿ ಡನ್ ಎಂಬ 19ರ ಹುಡುಗ ಬೈಕಿನಲ್ಲಿ ಹೋಗುತ್ತಿದ್ದ. ಎದುರಿನಿಂದ ಬಂದ ಕಾರು ರಸ್ತೆಯ ತಪ್ಪು ಬದಿಯಲ್ಲಿತ್ತು. ಓಡಿಸುತ್ತಿದ್ದವರು ಆನ್ ಸಕೂಲಸ್, ಆ ನೆಲೆಯಲ್ಲಿದ್ದ ಅಮೆರಿಕನ್ ನೌಕರನ ಹೆಂಡತಿ. ಹುಡುಗ ತೀರಿಕೊಂಡ. ಕೆಲವೇ ವಾರಗಳಲ್ಲಿ ಆಕೆ ದೇಶ ಬಿಟ್ಟಿದ್ದರು. ರಾಜತಾಂತ್ರಿಕ ವಿನಾಯಿತಿ ಇದೆ ಎಂದಿತು ಅಮೆರಿಕ. ಇದರ ಹಿಂದಿನ ಲೆಕ್ಕ ವಿಚಿತ್ರ. 1995ರ ಒಂದು ಒಪ್ಪಂದದಲ್ಲಿ ಆ ನೆಲೆಯ ನೌಕರರು ಕರ್ತವ್ಯದ ಹೊರಗೆ ಮಾಡಿದ ಅಪರಾಧಗಳಿಗೆ ವಿನಾಯಿತಿಯನ್ನು ಅಮೆರಿಕವೇ ಬಿಟ್ಟುಕೊಟ್ಟಿತ್ತು. ಹೆಂಡತಿ ಮಕ್ಕಳ ಬಗ್ಗೆ ಆ ಪತ್ರಗಳು ಮಾತಾಡಿರಲಿಲ್ಲ. ಅಂದರೆ ಕೆಲಸಕ್ಕೆಂದು ಬಂದ ಗಂಡನಿಗಿಲ್ಲದ ರಕ್ಷಣೆ ಅವನ ಜೊತೆ ಬಂದ ಹೆಂಡತಿಗೆ ಉಳಿದಿತ್ತು! ಲಂಡನ್ನಿನ ಹೈಕೋರ್ಟು 2020ರಲ್ಲಿ ಅದನ್ನೇ ಎತ್ತಿಹಿಡಿಯಿತು. ಕಾನೂನು ಓದಿದರೆ ಬೇರೆ ದಾರಿ ಇರಲಿಲ್ಲವೇನೋ.

ನಮ್ಮ ಬಟವಾಡಿಯಲ್ಲಿ ಈ ಕಥೆ ಹೇಳಿದರೆ ಟೀ ಅಂಗಡಿಯ ಮುಂದೆ ನಿಂತವರು ಪೂರ್ತಿ ಕೇಳುವುದೂ ಇಲ್ಲ. ‘ದೊಡ್ಡೋರ ಗಾಡಿ ಕಣಣ್ಣ, ಏನೂ ಆಗಲ್ಲ’ ಅಂದುಬಿಡುತ್ತಾರೆ. ಹೆದ್ದಾರಿಯ ಮಗ್ಗುಲಲ್ಲಿ ಬದುಕುವ ಊರಿಗೆ ಆ ತೀರ್ಮಾನಕ್ಕೆ ವಿಯೆನ್ನಾ ಒಪ್ಪಂದ ಬೇಕಿಲ್ಲ. ಆದರೂ ಆ ಮಾತು ಪೂರ್ತಿ ಸರಿಯಲ್ಲ ಅನ್ನುವುದು ನನ್ನ ತಕರಾರು.

ಬೆಂಗಳೂರಿನಲ್ಲಿ ಹಲವು ದೇಶಗಳ ಕಾನ್ಸುಲೇಟುಗಳಿವೆ. ಅಲ್ಲಿಯ ಅಧಿಕಾರಿಯೊಬ್ಬ ರಜೆಯ ದಿನ ಹಂಪಿಗೆ ಹೊರಟರೆ ನೀಲಿ ನಂಬರ್ ಪ್ಲೇಟಿನ ಕಾರು ಸಾಗುವುದು ತುಮಕೂರಿನ ಮೇಲೆಯೇ. ಅದು ಇಲ್ಲಿ ಯಾರಿಗಾದರೂ ಬಡಿದರೆ? ರಾಯಭಾರ ಕಚೇರಿಯವರಿಗೆ 1961ರ ಒಪ್ಪಂದ, ಕಾನ್ಸುಲೇಟಿನವರಿಗೆ 1963ರದ್ದು. ಎರಡನೆಯದು ಬಿಗಿ. ಕಾನ್ಸುಲರ್ ಅಧಿಕಾರಿಗೆ ವಿನಾಯಿತಿ ಇರುವುದು ಕಚೇರಿಯ ಕೆಲಸಕ್ಕೆ ಮಾತ್ರ. ಹಂಪಿ ನೋಡುವುದು ಕಚೇರಿಯ ಕೆಲಸವಲ್ಲ. ಅದಕ್ಕಿಂತ ಮುಖ್ಯವಾಗಿ, ವಾಹನ ಅಪಘಾತದಿಂದಾದ ನಷ್ಟಕ್ಕೆ ಪರಿಹಾರ ಕೇಳುವ ದಾವೆಗೆ ಈ ವಿನಾಯಿತಿ ಅಡ್ಡ ಬರದು ಎಂದು ಅದರ 43ನೇ ವಿಧಿ ಹೆಸರು ಹಿಡಿದೇ ಹೇಳುತ್ತದೆ. ಎರಡೇ ವರ್ಷ ಮೊದಲಿನ 1961ರ ಒಪ್ಪಂದದಲ್ಲಿ ಅಂಥ ಸಾಲಿಲ್ಲ. ದೆಹಲಿಯ ರಾಯಭಾರ ಕಚೇರಿಯ ಕಾರು ಇದೇ ಜಾಗದಲ್ಲಿ ಇದೇ ತಪ್ಪು ಮಾಡಿದರೆ ಉತ್ತರ ಬೇರೆಯಾಗುತ್ತದೆ. ಸತ್ತವನಿಗೆ ಎರಡೂ ಒಂದೇ ಕಾರು.

ಹಾಗಾದರೆ ಆ ರಕ್ಷಣೆ ಯಾರ ಸ್ವತ್ತು? 1961ರ ಒಪ್ಪಂದದ ಪೀಠಿಕೆಯೇ ಇದಕ್ಕೆ ಉತ್ತರಿಸಿದೆ: ಈ ಸವಲತ್ತುಗಳು ವ್ಯಕ್ತಿಗಳ ಲಾಭಕ್ಕಲ್ಲ, ಕೆಲಸ ಸಲೀಸಾಗಿ ನಡೆಯಲಿ ಎಂದು. ವಿನಾಯಿತಿ ಬಿಟ್ಟುಕೊಡುವ ಹಕ್ಕು ಕಳಿಸಿದ ದೇಶದ್ದು. ವಿದೇಶದಲ್ಲಿ ವಿನಾಯಿತಿ ಇದ್ದ ಮಾತ್ರಕ್ಕೆ ತನ್ನ ದೇಶದ ಕಾನೂನಿನಿಂದ ಬಿಡುಗಡೆಯಿಲ್ಲ ಎಂದೂ ಬರೆದಿದೆ. ಅಂದಮೇಲೆ ದೂತ ಕಾರು ಹತ್ತಿಸಿದಾಗ ಪ್ರಶ್ನೆ ಬರುವುದು ಅವನನ್ನು ಕಳಿಸಿದ ದೇಶದ ಮೇಲೆ.

ದೇಶಗಳು ಏನು ಮಾಡಿವೆ? 1997ರ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಜಾರ್ಜಿಯಾದ ರಾಜತಾಂತ್ರಿಕನೊಬ್ಬ ಕುಡಿದು ಕಾರು ಓಡಿಸಿ 16 ವರ್ಷದ ಹುಡುಗಿಯ ಸಾವಿಗೆ ಕಾರಣನಾದ. ಅಧ್ಯಕ್ಷ ಶೆವರ್ಡ್‌ನಾಡ್ಜೆ ವಿನಾಯಿತಿ ತೆಗೆದರು, ಅವನು ತಪ್ಪೊಪ್ಪಿಕೊಂಡು ಜೈಲಿಗೆ ಹೋದ. ಒಳ್ಳೆಯ ನಡೆ, ಆದರೆ ಅಮೆರಿಕದ ನೆರವು ನಿಂತೀತು ಎಂಬ ಒತ್ತಡವೂ ಆಗ ಇತ್ತು. 2009ರಲ್ಲಿ ಸಿಂಗಪುರದಲ್ಲಿ ರೊಮೇನಿಯಾದ ರಾಜತಾಂತ್ರಿಕನ ಕಾರು ಜೀವ ತೆಗೆಯಿತು. ಅವನು ಊರಿಗೆ ಮರಳಿದ, ಆದರೆ ರೊಮೇನಿಯಾ ತನ್ನದೇ ನ್ಯಾಯಾಲಯದಲ್ಲಿ ವಿಚಾರಣೆ ನಡೆಸಿ ಶಿಕ್ಷಿಸಿತು. 2014ರಲ್ಲಿ ಸೆರೆಯಲ್ಲಿದ್ದಾಗಲೇ ತೀರಿಕೊಂಡ. ಹ್ಯಾರಿಯ ವಿಷಯದಲ್ಲಿ ಅಮೆರಿಕ ಇವೆರಡರಲ್ಲಿ ಯಾವುದನ್ನೂ ಮಾಡಲಿಲ್ಲ. ಎಲ್ಲ ದೇಶಗಳೂ ಸಮಾನ ಎಂಬ ತತ್ವದ ಮೇಲೆ ನಿಂತ ನಿಯಮ ಇದು. ಬಿಟ್ಟುಕೊಡಬೇಕಾಗಿ ಬಂದದ್ದು ಚಿಕ್ಕ ದೇಶ, ಬಿಡದೆ ಕೂತದ್ದು ದೊಡ್ಡ ದೇಶ. ಟೀ ಅಂಗಡಿಯವರ ಮಾತಿನಲ್ಲಿ ನಿಜ ಇರುವುದು ಇಷ್ಟರ ಮಟ್ಟಿಗೆ.

ತಮಿಳರ ಮನುನೀತಿ ಚೋಳನ ಕಥೆ ನಮಗೂ ಗೊತ್ತು. ರಾಜಕುಮಾರನ ರಥದಡಿ ಕರು ಸತ್ತಿತು, ತಾಯಿ ಹಸು ಅರಮನೆಯ ಗಂಟೆ ಎಳೆಯಿತು, ರಾಜ ಮಗನ ಮೇಲೆ ರಥ ಹರಿಸಿದ. ಆ ನ್ಯಾಯ ನನಗೆ ಹಿಡಿಸುವುದಿಲ್ಲ. ಒಂದು ಸಾವಿಗೆ ಇನ್ನೊಂದು ಕೊಟ್ಟರೆ ಹಸುವಿಗೆ ಏನು ಸಿಕ್ಕಿತು? ನನಗೆ ದೊಡ್ಡದಾಗಿ ಕಾಣುವುದು ಆ ಗಂಟೆ. ಹಸುವಿನ ಬಾಯಿಗೂ ಎಟಕುವಷ್ಟು ಕೆಳಗೆ ಅದರ ಹಗ್ಗ ಇತ್ತು. ಹ್ಯಾರಿಯ ತಂದೆತಾಯಿ ಅದನ್ನೇ ಹುಡುಕುತ್ತ ಅಟ್ಲಾಂಟಿಕ್ ದಾಟಿ ಶ್ವೇತಭವನದವರೆಗೂ ಹೋದರು. ಆಕೆ ಪಕ್ಕದ ಕೋಣೆಯಲ್ಲಿದ್ದಾರೆ, ಈಗಲೇ ಭೇಟಿಯಾಗಿ ಎಂದರಂತೆ ಅಧ್ಯಕ್ಷ ಟ್ರಂಪ್. ಅವರು ಒಪ್ಪಲಿಲ್ಲ. ಸರಿಯಾಗಿಯೇ ಮಾಡಿದರು. ಭೇಟಿ ಬೇರೆ, ಉತ್ತರ ಕೊಡುವುದು ಬೇರೆ.

2022ರ ಡಿಸೆಂಬರ್‌ನಲ್ಲಿ ಕೊನೆಗೂ ಶಿಕ್ಷೆಯಾಯಿತು: 8 ತಿಂಗಳು, ಅದೂ ಅಮಾನತಿನಲ್ಲಿ. ಮೊದಲ ದಿನವೇ ಅಲ್ಲಿ ನಿಂತು ಒಪ್ಪಿಕೊಂಡಿದ್ದರೂ ಬಹುಶಃ ಇದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಅಷ್ಟು ಸಣ್ಣ ಶಿಕ್ಷೆಯಿಂದ ಒಬ್ಬರನ್ನು ಕಾಪಾಡಲು ಒಂದು ದೇಶ ಮೂರು ವರ್ಷ ತೆಗೆದುಕೊಂಡಿತು. ತೀರ್ಪಿನ ದಿನ ಆಕೆ ಲಂಡನ್ನಿಗೆ ಬರಲಿಲ್ಲ, ಬರಬೇಡಿ ಎಂದು ಅವರ ಸರ್ಕಾರವೇ ಸಲಹೆ ಕೊಟ್ಟಿತ್ತು; ವಿಡಿಯೋ ಪರದೆಯಲ್ಲಿ ಕಾಣಿಸಿಕೊಂಡರು. 2024ರ ಜೂನ್‌ನಲ್ಲಿ ಸಾವಿನ ವಿಚಾರಣೆ ನಡೆಸಿದ ಅಧಿಕಾರಿ, ಎಡಬದಿಯಲ್ಲಿ ಓಡಿಸಬೇಕಾದ ದೇಶಕ್ಕೆ ಬಂದವರಿಗೆ ಸರಿಯಾದ ತರಬೇತಿ ಕೊಡದಿದ್ದದ್ದನ್ನೂ ದಾಖಲಿಸಿದರು. ಆ ದಿನವೂ ಸಕೂಲಸ್ ಬಂದಿರಲಿಲ್ಲ.