ನಾಳಿನ ಶಿಷ್ಯರನ್ನು ಬೆಳೆಸುವವರು ಯಾರು?



ಬೆಟ್ಟ ಹತ್ತಿ ಬರುವ ಭಕ್ತಾದಿಗಳು ಹೆಚ್ಚಾಗಿ ಬೇಡಿಕೊಳ್ಳುವುದು ಮಕ್ಕಳಿಗಾಗಿಯೇ. ಮಗನಿಗೆ ಇಂಜಿನಿಯರಿಂಗ್ ಸೀಟು ಸಿಗಲಿ, ಮಗಳಿಗೆ ಒಳ್ಳೆ ಸಂಬಂಧ ಕೂಡಿ ಬರಲಿ, ಕೆಟ್ಟ ಸಹವಾಸ ಬಿಡಲಿ. ಇದರಲ್ಲಿ ತಪ್ಪೇನೂ ಇಲ್ಲ. ಹೆತ್ತವರು ಬೇಡದೆ ಇನ್ಯಾರು ಬೇಡಬೇಕು? ಆದರೆ "ಪ್ರಭುವೇ, ನನ್ನ ಮಕ್ಕಳಲ್ಲಿ ಒಬ್ಬರನ್ನು ನಿನ್ನ ಸೇವೆಗೆ ಕರೆದುಕೋ" ಎಂದು ಬೇಡುವವರು ಎಷ್ಟು ಮಂದಿ? ನಮ್ಮ ಊರಿಗೆ ಒಳ್ಳೆಯ ಸ್ವಾಮಿಯವರು ಬೇಕು, ಕನ್ನಡದಲ್ಲಿ ಚೆನ್ನಾಗಿ ಪ್ರಸಂಗ ಮಾಡಬೇಕು, ಕರೆದ ಕೂಡಲೇ ಕಾಯಿಲೆಯವರ ಮನೆಗೆ ಬರಬೇಕು ಎಂದು ಎಲ್ಲರೂ ಬಯಸುತ್ತೇವೆ. ಆದರೆ ಅಂಥ ಸ್ವಾಮಿಯವರು ಬೇರೆ ಯಾರದೋ ಮನೆಯಿಂದ ಬರಲಿ ಅಂತೀವಿ!

ಪ್ರಭು ಯೇಸು ಶಿಷ್ಯರನ್ನು ಹೇಗೆ ತಯಾರು ಮಾಡಿದರು? ಶಾಲೆ ಕಟ್ಟಲಿಲ್ಲ, ಪುಸ್ತಕ ಬರೆಯಲಿಲ್ಲ. ಹನ್ನೆರಡು ಜನರನ್ನು ಆರಿಸಿ ತಮ್ಮ ಜೊತೆಯಲ್ಲೇ ಇರಿಸಿಕೊಂಡರು. ಅವರೊಂದಿಗೆ ನಡೆದರು, ಉಂಡರು, ಒಂದೇ ದೋಣಿಯಲ್ಲಿ ಮಲಗಿದರು. ಇಬ್ಬಿಬ್ಬರನ್ನಾಗಿ ಊರೂರಿಗೆ ಕಳಿಸಿದರು. ಮರಳಿ ಬಂದಾಗ ಅವರು ಹೇಳಿದ್ದನ್ನೆಲ್ಲ ಕೇಳಿ, ಸ್ವಲ್ಪ ದಣಿವಾರಿಸಿಕೊಳ್ಳಿ ಎಂದರು. ಪೇತ್ರ ತಪ್ಪಿದಾಗ ಗದರಿದರು, ಕೈ ಮಾತ್ರ ಬಿಡಲಿಲ್ಲ. ಶಿಷ್ಯತ್ವ ಎಂದರೆ ಇದೇ: ಗುರುವಿನ ಜೊತೆಯಲ್ಲಿದ್ದು ಗುರುವಿನಂತಾಗುವುದು.

ಈ ಕೆಲಸ ಮನೆಯಿಂದಲೇ ಶುರುವಾಗುತ್ತದೆ. ಸಂತ ಪೌಲರ ಶಿಷ್ಯ ತಿಮೊಥೇಯನಿಗೆ ವಿಶ್ವಾಸ ಮೊದಲು ಸಿಕ್ಕಿದ್ದು ಅಜ್ಜಿ ಲೋವಿ ಮತ್ತು ತಾಯಿ ಯೂನಿಕೆಯರಲ್ಲಿ. ಹನ್ನಳು ತನ್ನ ಸಮುವೇಲನನ್ನು ದೇವಾಲಯಕ್ಕೆ ಒಪ್ಪಿಸಿದ ಮೇಲೆ ಮರೆತು ಕೂರಲಿಲ್ಲ. ವರ್ಷ ವರ್ಷವೂ ಒಂದು ಪುಟ್ಟ ನಿಲುವಂಗಿ ಹೊಲಿದು ತಂದು ಕೊಡುತ್ತಿದ್ದಳು. ಮಗ ಬೆಳೆದಂತೆ ಅಳತೆಯೂ ಬೆಳೆಯುತ್ತಿತ್ತಲ್ಲವೇ? ದೇವರಿಗೆ ಕೊಟ್ಟ ಮಗನೂ ತಾಯಿಗೆ ಮಗನೇ.

ಹಿಂದೆ ಗುರುಗಳಾಗುವವರಿಗೆ ಎಲ್ಲೆಡೆ ಒಂದೇ ಬಗೆಯ ತರಬೇತಿ ಇರಲಿಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆ ಧರ್ಮಕ್ಷೇತ್ರಗಳಲ್ಲಿ ಗುರುಮಠಗಳಿರಬೇಕು ಎಂದು ವಿಧಿಸಿತು. ನಮ್ಮ ಸಂತ ಪೇತ್ರರ ಗುರುಮಠದ ಬೇರು 1778ರ ಪುದುಚೇರಿಯಲ್ಲಿದೆ. 1934ರಲ್ಲಿ ಅದು ಬೆಂಗಳೂರಿಗೆ ಬಂದು ಮಲ್ಲೇಶ್ವರದಲ್ಲಿ ನೆಲೆಸಿತು. ರಾಜಾಜಿನಗರ, ಬಸವೇಶ್ವರನಗರದ ಭಕ್ತರಿಗೆ ಅದು ಪಕ್ಕದ ಬಡಾವಣೆ. ಕೆಂಗೇರಿಗೂ 2021ರಲ್ಲಿ ಮೆಟ್ರೊ ಬಂದ ಮೇಲೆ ಅದೇನೂ ದೂರವಲ್ಲ. ಆದರೂ ಅಲ್ಲಿ ಏನು ಕಲಿಸುತ್ತಾರೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ತತ್ವಶಾಸ್ತ್ರ, ದೈವಶಾಸ್ತ್ರ ಸೇರಿ ಕಡೇಪಕ್ಷ ಆರು ವರ್ಷದ ಓದು ಇರಬೇಕೆಂಬುದು ಧರ್ಮಸಭೆಯ ಕಟ್ಟಳೆ. ಇಪ್ಪತ್ತೈದು ತುಂಬುವ ತನಕ ಸಾಮಾನ್ಯವಾಗಿ ಗುರುದೀಕ್ಷೆ ಇಲ್ಲ. ಎರಡನೆಯ ಜಾನ್ ಪಾಲ್ ವಿಶ್ವಗುರುಗಳು 1992ರ ತಮ್ಮ ಪತ್ರದಲ್ಲಿ ಈ ತರಬೇತಿಗೆ ನಾಲ್ಕು ಮುಖಗಳನ್ನು ಹೇಳಿದರು: ಮಾನವೀಯ, ಆಧ್ಯಾತ್ಮಿಕ, ಬೌದ್ಧಿಕ ಮತ್ತು ಪಾಲನಾ ಸೇವೆಯದು. ಮಾನವೀಯ ತರಬೇತಿಯೇ ಎಲ್ಲಕ್ಕೂ ಬುನಾದಿ ಎಂದರು. ಮೊದಲು ಒಳ್ಳೆ ಮನುಷ್ಯ, ಆಮೇಲೆ ಒಳ್ಳೆ ಗುರು.

ಈ ಬುನಾದಿ ಹಾಕುವವರು ಯಾರು? ಗುರುಮಠಕ್ಕೆ ಹೋಗುವ ಹುಡುಗ ಅದಕ್ಕೂ ಮೊದಲು ಹದಿನಾರು ಹದಿನೆಂಟು ವರ್ಷ ನಮ್ಮ ಮನೆಯಲ್ಲೇ ಉಂಡು ಬೆಳೆದಿರುತ್ತಾನೆ. ಸಂಜೆ ಜಪಸರಕ್ಕೆ ಕೂರೋಣವೆಂದರೆ ಒಬ್ಬರ ಕೈಲಿ ಮೊಬೈಲು, ಇನ್ನೊಬ್ಬರಿಗೆ ಧಾರಾವಾಹಿ. ಭಾನುವಾರ ಬೆಳಗ್ಗೆ ಧರ್ಮೋಪದೇಶ ತಪ್ಪಿದರೂ ಟ್ಯೂಷನ್ ತಪ್ಪುವುದಿಲ್ಲ. ಮಗು ಇಂಗ್ಲಿಷ್ ಓದುತ್ತದೆ, ಸಂತೋಷ. ಆದರೆ ಬಲಿಪೂಜೆಯಲ್ಲಿ ಕನ್ನಡದ ವಾಚನ ಓದಲು ಕರೆದರೆ ಹಿಂದೆ ಸರಿಯುತ್ತದೆ. ಜನರು ತಮ್ಮ ಪಾಪವನ್ನೂ ನೋವನ್ನೂ ಹೇಳಿಕೊಳ್ಳುವುದು ತಾಯ್ನುಡಿಯಲ್ಲಿ. ಆ ನುಡಿ ಬಾರದವನು ನಾಳೆ ಅವರನ್ನು ಹೇಗೆ ಸಂತೈಸುತ್ತಾನೆ?

ಮಗ ಒಂದು ದಿನ ಪೀಠಸೇವೆ ಮುಗಿಸಿ ಬಂದು, "ಅಮ್ಮಾ, ನಾನೂ ಫಾದರ್ ಆಗ್ಲಾ?" ಎಂದು ಕೇಳಿದರೆ ಏನು ಹೇಳುತ್ತೇವೆ? "ಸುಮ್ನಿರಪ್ಪ, ಮೊದ್ಲು ಪಿಯುಸಿ ಪಾಸ್ ಮಾಡು. ಇರೋನೇ ಒಬ್ಬ ಮಗ, ನಮ್ಮನ್ನ ನೋಡ್ಕೊಳ್ಳೋರ್ಯಾರು?" ಈ ಭಯವನ್ನು ಹಗುರವಾಗಿ ಕಾಣಬಾರದು. ಬಾಡಿಗೆ ಮನೆ, ಸಾಲ, ಮುಪ್ಪು ಎಲ್ಲವೂ ನಿಜ. ಆದರೆ ತಂದೆತಾಯಿಯರನ್ನು ಕೈಬಿಡು ಎಂದು ಧರ್ಮಸಭೆ ಯಾವ ಗುರುವಿಗೂ ಹೇಳುವುದಿಲ್ಲ. ಮನಸ್ಸಿನಲ್ಲಿರುವುದನ್ನು ಧರ್ಮಕೇಂದ್ರದ ಸ್ವಾಮಿಯವರ ಹತ್ತಿರ ಬಿಚ್ಚಿ ಮಾತಾಡಿ. ಮಗನ ಬಾಯಿ ಮಾತ್ರ ಮುಚ್ಚಿಸಬೇಡಿ.

ಇನ್ನೊಂದು ಕಡೆಯ ತಪ್ಪೂ ಇದೆ. ಹರಕೆ ಹೊತ್ತಿದ್ದೇವೆಂದು ಒಲ್ಲದ ಮಗನನ್ನು ನೂಕುವವರೂ ಉಂಟು. ಗುರುದೀಕ್ಷೆಗೆ ಯಾರನ್ನೂ ಬಲವಂತ ಮಾಡುವಂತಿಲ್ಲ, ಅರ್ಹನಾದವನನ್ನು ತಡೆಯುವಂತೆಯೂ ಇಲ್ಲ ಎಂದು 1983ರ ಧರ್ಮಸಭಾ ಕಾನೂನು ಎರಡನ್ನೂ ಒಂದೇ ಉಸಿರಿಗೆ ನಿಷೇಧಿಸಿದೆ. ಕರೆಯುವವರು ದೇವರು, ಉತ್ತರ ಕೊಡುವವನು ಮಗ. ನಡುವೆ ನಾವು ಏಲಿಯಂತೆ ಇರಬೇಕು. ಕಣ್ಣು ಮಂಜಾಗಿದ್ದ ಆ ಮುದುಕ ಬಾಲಕನಿಗೆ, ಇದು ಯಾರ ದನಿ, ಹೇಗೆ ಓಗೊಡಬೇಕು ಎಂದಷ್ಟೇ ತಿಳಿಸಿದ.

ಗುರುಮಠದಿಂದ ನಡುವೆ ಮರಳಿದ ಹುಡುಗನನ್ನು "ಓಡಿ ಬಂದ" ಎಂದು ಆಡಿಕೊಳ್ಳುವ ಬಾಯಿಗಳಿಗೆ ಬೀಗ ಹಾಕೋಣ. ಪರೀಕ್ಷಿಸಿ ನೋಡುವುದಕ್ಕೇ ಅಷ್ಟು ವರ್ಷ ಇಟ್ಟಿರುವುದು. ಸಂತ ಜಾನ್ ಮರಿಯ ವಿಯಾನ್ನಿ ಫ್ರಾನ್ಸಿನ ರೈತರ ಮಗ. ಲ್ಯಾಟಿನ್ ತಲೆಗೆ ಹತ್ತದೆ ಗುರುಮಠದಿಂದ ಹಿಂದಿರುಗಬೇಕಾಯಿತು. ಬಾಲೆ ಎಂಬ ಗುರುಗಳು ತಮ್ಮ ಮನೆಯಲ್ಲೇ ಇರಿಸಿಕೊಂಡು ಪಾಠ ಹೇಳಿ ಅವರ ಪರವಾಗಿ ಮಾತಾಡಿದರು. 1815ರಲ್ಲಿ ಗುರುದೀಕ್ಷೆಯಾಯಿತು. 1929ರಲ್ಲಿ ಅವರನ್ನು ಲೋಕದ ಎಲ್ಲ ಧರ್ಮಕೇಂದ್ರ ಗುರುಗಳ ಪಾಲಕ ಸಂತರೆಂದು ಸಾರಲಾಯಿತು. ಬಾಲೆಯವರು ಕೈ ಬಿಟ್ಟಿದ್ದರೆ?

ಸೇವೆ ಗುರುಗಳಿಗೆ ಮಾತ್ರ ಮೀಸಲಲ್ಲ. ದಾದಿ, ಶಿಕ್ಷಕಿ, ಉಪದೇಶಿ, ಧರ್ಮಭಗಿನಿ, ನಿಷ್ಠೆಯ ಗೃಹಸ್ಥ, ಎಲ್ಲರೂ ಶಿಷ್ಯರೇ. ವಿಜಯನಗರ, ಬಸವೇಶ್ವರನಗರದವರಿಗೆ ಮಾಗಡಿ ರಸ್ತೆಯ ಸುಮನಹಳ್ಳಿ ಗೊತ್ತು. 1970ರ ದಶಕದ ಕೊನೆಯಲ್ಲಿ, ಮನೆಯವರೇ ದೂರವಿಟ್ಟ ಕುಷ್ಠರೋಗಿಗಳಿಗಾಗಿ ಅಲ್ಲಿ ಸೇವೆ ಶುರುವಾಯಿತು. ಹುಟ್ಟುಹಬ್ಬಕ್ಕೆ ಮಾಲ್‌ಗೆ ಹೋಗುವ ಬದಲು ಒಮ್ಮೆ ಮಕ್ಕಳನ್ನು ಅಂಥ ಕಡೆ ಕರೆದೊಯ್ಯಿರಿ. ನೂರು ಪ್ರಸಂಗ ಕಲಿಸದ್ದನ್ನು ಆ ಒಂದು ದಿನ ಕಲಿಸುತ್ತದೆ.

ಮನೆಗೆ ಹೋದ ಮೇಲೆ ಮೂರು ಕೆಲಸ ಮಾಡಿ. ದಿನಕ್ಕೆ ಹತ್ತು ನಿಮಿಷ ಶುಭಸಂದೇಶವನ್ನು ಮಕ್ಕಳಿಂದಲೇ ಕನ್ನಡದಲ್ಲಿ ಓದಿಸಿ. ಮಕ್ಕಳ ಮುಂದೆ ಗುರುಗಳನ್ನು, ಧರ್ಮಭಗಿನಿಯರನ್ನು ಹಗುರವಾಗಿ ಆಡಬೇಡಿ. ದೂರಿದ್ದರೆ ಅವರ ಮುಂದೆಯೇ ಹೇಳಿ. ಪಾಸ್ಕಕಾಲದ ನಾಲ್ಕನೆಯ ಭಾನುವಾರ, 1964ರಿಂದ ಲೋಕವೆಲ್ಲ ದೇವಕರೆಗಾಗಿ ಪ್ರಾರ್ಥಿಸುವ ದಿನ. ಅಂದು ನಿಮ್ಮ ಮಕ್ಕಳ ಹೆಸರು ಹಿಡಿದು ಪ್ರಾರ್ಥಿಸಿ.

ಒಬ್ಬನೇ ಮಗ ಎಂದು ಹಿಂಜರಿಯುವ ತಾಯಂದಿರೇ, ಮಾತೆ ಮರಿಯಮ್ಮನವರಿಗೂ ಇದ್ದದ್ದು ಒಬ್ಬನೇ ಮಗ. ಆ ಮಗನನ್ನು ಲೋಕಕ್ಕೆ ಕೊಟ್ಟ ತಾಯಿ ನಿಮ್ಮ ಸಂಕಟವನ್ನು ಬಲ್ಲರು, ನಿಮಗಾಗಿ ಬಿನ್ನವಿಸುವರು.

ಪ್ರಭುವೇ, ನಮ್ಮ ಮಕ್ಕಳು ನಿಮ್ಮವರು. ನಿಮ್ಮ ದನಿ ಅವರ ಕಿವಿಗೆ ಬೀಳುವಷ್ಟು ನಿಶ್ಶಬ್ದವನ್ನು ನಮ್ಮ ಮನೆಗಳಿಗೆ ದಯಪಾಲಿಸಿರಿ. ಆಮೆನ್.