ಸೀಮೆಯ ನಡಿಗೆಯೂ ದಿಗ್ವ್ರತವೂ

ಹತ್ತು ಜನ ಕೂಡಿ ಒಂದು ಊರಿನ ಎಲ್ಲೆಯನ್ನು ನಡೆದು ಬರುವುದೇ ಕಲೆಯೆನಿಸಬಲ್ಲುದೆಂದು ಈಚಿನ ಕಲಾವಿದರಲ್ಲಿ ಕೆಲವರು ಹೇಳುತ್ತಾರೆ. ಅಲ್ಲಿ ಚಿತ್ರವಿಲ್ಲ, ಶಿಲ್ಪವಿಲ್ಲ, ನಡೆದದ್ದೇ ಕೃತಿ. ಆಂಗ್ಲ ಕಲಾವಿದ ರಿಚರ್ಡ್ ಲಾಂಗ್ 1967ರಲ್ಲಿ ಹುಲ್ಲುಗಾವಲೊಂದರಲ್ಲಿ ಹಿಂದಕ್ಕೂ ಮುಂದಕ್ಕೂ ನಡೆನಡೆದು, ಹುಲ್ಲು ಬಾಗಿ ಮೂಡಿದ ಗೆರೆಯನ್ನೇ ಕೃತಿಯೆಂದನು. 1988ರಲ್ಲಿ ಮರೀನಾ ಅಬ್ರಮೋವಿಚ್ ಮತ್ತು ಉಲಾಯ್ ಎಂಬಿಬ್ಬರು ಚೀನಾದ ಮಹಾಗೋಡೆಯನ್ನು ಇಬ್ಬದಿಯಿಂದ ನಡೆದು ಬಂದು ನಡುವೆ ಸಂಧಿಸಿ, ಅಲ್ಲಿಯೇ ಪರಸ್ಪರ ಬೀಳ್ಕೊಂಡರು. ಶ್ರಾವಕನಾದವನು ಇಂತಹ ನಡಿಗೆಯನ್ನು ಹೇಗೆ ಕಾಣಬೇಕು?

ಮೊದಲು ಎದುರಾಗುವುದು ಆಕ್ಷೇಪವೇ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುತ್ತ, ವ್ಯರ್ಥವಾಗಿ ಗಿಡಬಳ್ಳಿಗಳನ್ನು ಕತ್ತರಿಸುವುದರೊಡನೆ ವ್ಯರ್ಥವಾಗಿ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಪ್ರಮಾದಚರ್ಯೆಯೆಂದು ಎಣಿಸಿದ್ದಾರೆ. ‘ತಿರುಗಿಸುವುದನ್ನೂ’ ಎಂಬುದನ್ನು ವಾಚಕರು ಗಮನಿಸಬೇಕು. ಕೂಡಿ ನಡೆಯುವ ಕಲೆಗೆ ಅದು ನೇರವಾಗಿ ತಗಲುತ್ತದೆ. ಹಸಿರನ್ನು ತುಳಿದು ಗೆರೆ ಮೂಡಿಸುವ ನಡಿಗೆಯನ್ನಂತೂ, ಹುಲ್ಲಿನಲ್ಲಿ ಏಕೇಂದ್ರಿಯ ಜೀವವನ್ನು ಕಾಣುವ ನಾವು ಒಪ್ಪಲಾರೆವು.

ಆದರೆ ಅದೇ ಗ್ರಂಥವು ದಿಗ್ವ್ರತವನ್ನೂ ಬೋಧಿಸುತ್ತದೆ. ಹತ್ತು ದಿಕ್ಕುಗಳಲ್ಲಿಯೂ ಇಷ್ಟೇ ದೂರ, ಇದರಾಚೆಗೆ ಜೀವವಿರುವವರೆಗೆ ಹೋಗೆನು ಎಂಬ ನಿಯಮವದು. ಸಮುದ್ರ, ನದಿ, ಅಡವಿ, ಗಿರಿ, ಜನಪದ, ಯೋಜನ ಇವುಗಳಲ್ಲಿ ಪ್ರಸಿದ್ಧವಾದುವನ್ನೇ ಮೇರೆಯಾಗಿಟ್ಟುಕೊಳ್ಳಬೇಕು. ವ್ರತವು ಒಬ್ಬನದು, ಅದರ ಮೇರೆಯನ್ನು ಎಲ್ಲರೂ ಬಲ್ಲವರಾಗಿರಬೇಕೇಕೆ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಈ ವ್ರತದ ಐದು ಅತಿಚಾರಗಳಲ್ಲಿ ಕಡೆಯದಾಗಿ ಸ್ಮೃತ್ಯಂತರಾಧಾನವನ್ನು, ಅಂದರೆ ಇಟ್ಟುಕೊಂಡ ಮೇರೆಯನ್ನೇ ಮರೆಯುವುದನ್ನು ಹೇಳುತ್ತದೆ. ಮನಸ್ಸಿನಲ್ಲಿ ಮಾತ್ರ ಎಳೆದ ಗೆರೆಯು ಲೋಭ ಬಂದಾಗ ಮೆಲ್ಲನೆ ಸರಿಯುತ್ತದೆ. ಊರೆಲ್ಲ ಬಲ್ಲ ಹೊಳೆಯನ್ನು ಹಾಗೆ ಸರಿಸಲು ಬಾರದು, ದಾಟಿದವನನ್ನು ಕೇಳುವವರಿರುತ್ತಾರೆ. ಹಿಂದೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಿರಿಯರು ಸೀಮೆಯನ್ನು ಸುತ್ತುವಾಗ ಹುಡುಗರನ್ನೂ ಕರೆದೊಯ್ಯುತ್ತಿದ್ದುದು ಅವರ ಕಾಲಕ್ಕೂ ನೆನಪು ಉಳಿಯಲೆಂದೇ. ನಮ್ಮ ನಾಡಿನಲ್ಲಿ ಬಸದಿಗೆ ಬಿಟ್ಟ ಭೂಮಿಯ ಎಲ್ಲೆಗೆ ಮುಕ್ಕೊಡೆಯ ಕಲ್ಲು ನೆಟ್ಟದ್ದೂ ಇಂತಹ ಮರೆವಿಗೆ ಅಂಜಿಯೇ ಇರಬೇಕು.

ಕುಮಟಾ ತಾಲ್ಲೂಕಿನ ಗೋಕರ್ಣದ ಸುತ್ತಿನ ನೆಲವನ್ನು ನೋಡಿದರೆ ಆಚಾರ್ಯರು ಹೇಳಿದ ಮೇರೆಗಳು ಒಂದೆಡೆ ನೆರೆದಂತೆ ತೋರುತ್ತದೆ. ಪಡುವಣಕ್ಕೆ ಸಮುದ್ರ, ಬಡಗಣಕ್ಕೆ ಗಂಗಾವಳಿ, ತೆಂಕಣಕ್ಕೆ ಅಘನಾಶಿನಿ, ಮೂಡಣಕ್ಕೆ ಸಹ್ಯಾದ್ರಿ. ಊರಿಂದ ತೆಂಕಲಾಗಿ ಕುಡ್ಲೆಯ ತೀರವನ್ನು ಕಳೆದು ಗುಡ್ಡವೇರಿ ಇಳಿದರೆ ಓಂ ಬೀಚ್. ಎರಡು ಅರ್ಧಚಂದ್ರಗಳು ಕೂಡಿ ಓಂಕಾರದಂತೆ ಕಾಣುವುದರಿಂದ ಆ ಹೆಸರು. (ನಮಗೆ ಓಂಕಾರವು ಪಂಚಪರಮೇಷ್ಠಿಗಳ ಮೊದಲಕ್ಷರಗಳ ಕೂಟವೆಂಬುದನ್ನು ಹೇಳಬೇಕಾಗಿಲ್ಲ.) ಅಲ್ಲಿಗೆ ಬಂದವರು ಬಹುಮಟ್ಟಿಗೆ ಅಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಗುಡ್ಡದಾಚೆ ಹಾಫ್ ಮೂನ್ ಬೀಚ್, ಅದರಾಚೆ ಪ್ಯಾರಡೈಸ್ ಬೀಚ್ ಎಂದು ಕಾಲು ಮುಂದಕ್ಕೆ ಎಳೆಯುತ್ತದೆ. ವ್ರತವಿಲ್ಲದವನಿಗೆ ಅತಿಚಾರವೂ ಇಲ್ಲ, ನಿಜ. ಆದರೂ ಕ್ಷೇತ್ರವೃದ್ಧಿಯೆಂಬ ಅತಿಚಾರದಲ್ಲಿ ಮನಸ್ಸು ಓಡುವ ಬಗೆ ಇದೇ.

ಅದೇ ತೀರಕ್ಕೆ ನಾಲ್ವರು ಶ್ರಾವಕರು ನೆಲವನ್ನು ನೋಡಿಕೊಂಡು ನಡೆದು ಹೋಗಿ, ಈ ಪಕ್ಷ ಮುಗಿಯುವವರೆಗೆ ಇದರಾಚೆಗಿಲ್ಲವೆಂದು ಒಬ್ಬರನ್ನೊಬ್ಬರು ಸಾಕ್ಷಿಯಾಗಿಟ್ಟು ಹಿಂದಿರುಗಿದರೆ, ಅದನ್ನು ವ್ಯರ್ಥ ತಿರುಗಾಟವೆನ್ನಲಾಗದು. ಅರಸು ಸೀಮೆಯನ್ನು ಸುತ್ತುವುದು ಒಳಗಿನದೆಲ್ಲ ತನ್ನದೆಂದು ಸಾರಲು. ಇವರು ಸುತ್ತುವುದು ಹೊರಗಿನದನ್ನು ಬಿಡಲು. ಬಿಟ್ಟ ಆ ಪ್ರದೇಶದ ಮಟ್ಟಿಗೆ ಗೃಹಸ್ಥನ ಅಣುವ್ರತಗಳೇ ಮಹಾವ್ರತಗಳ ಪರಿಣತಿಯನ್ನು ಪಡೆಯುತ್ತವೆಂದು ಸಮಂತಭದ್ರರ ಮತ. ಏಕೆಂದರೆ ಅಲ್ಲಿ ಅವನಿಂದ ಸೂಕ್ಷ್ಮ ಪಾಪವೂ ನಡೆಯುವುದಿಲ್ಲ. ಮರಳಿನ ಮೇಲೆ ನಿಂತು ಪಡುವಣವನ್ನು ನೋಡುವ ಅಂಗಡಿಯವನೋ ಅಡಿಕೆ ಬೆಳೆಗಾರನೋ ಆ ಕಡಲಗಲಕ್ಕೂ ಮುನಿಯಂತಿರುತ್ತಾನೆ.

ಇನ್ನೊಂದು ಮಾತು. ಮೇರೆಯೊಳಗಿದ್ದುಕೊಂಡೇ ಹೊರಗಿನಿಂದ ವಸ್ತು ತರಿಸುವುದು, ಆಳನ್ನು ಕಳುಹಿಸುವುದು, ದನಿಮಾಡಿ ಸೂಚಿಸುವುದು, ರೂಪ ತೋರಿಸುವುದು, ಕಲ್ಲೆಸೆದು ಕರೆಯುವುದು ದೇಶವ್ರತದ ಐದು ಅತಿಚಾರಗಳು. ಕೈಯಲ್ಲಿ ಮೊಬೈಲ್ ಇರುವವನು ಕಲ್ಲೆಸೆತವೊಂದನ್ನುಳಿದು ಮಿಕ್ಕ ನಾಲ್ಕನ್ನೂ ಕುಳಿತಲ್ಲೇ ಮಾಡಬಲ್ಲನು. ಹೀಗೆ ಕೂಡಿ ನಡೆಯಲು ಹೊರಡುವವರು ಅದನ್ನು ಮನೆಯಲ್ಲಿ ಬಿಟ್ಟು ಹೊರಡುವುದು ಲೇಸು.